ದ್ರವ್ಯಶುದ್ಧಿಯಲ್ಲಿ ಕೇಳದ ಪ್ರಶ್ನೆ

ದಾನದ ಫಲವು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷತೆಯನ್ನು ಅವಲಂಬಿಸಿದೆ ಎಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ಮುನಿಗಳಿಗೆ ಆಹಾರ ನೀಡುವ ಶ್ರಾವಕರ ಮನೆಗಳಲ್ಲಿ ದ್ರವ್ಯಶುದ್ಧಿಯ ಬಗ್ಗೆ ಅಪಾರ ಎಚ್ಚರವಿರುತ್ತದೆ. ನೀರು ಸೋಸಿದ್ದೇ, ಧಾನ್ಯದಲ್ಲಿ ಹುಳುವಿಲ್ಲವೇ, ಹಿಟ್ಟು ಬೀಸಿ ಎಷ್ಟು ದಿನವಾಯಿತು ಎಂಬುದನ್ನೆಲ್ಲ ಪರಿಶೀಲಿಸಲಾಗುತ್ತದೆ. ಆ ಜೋಳ ಬೆಳೆದವನಿಗೆ ನ್ಯಾಯವಾದ ಬೆಲೆ ದೊರೆಯಿತೇ, ಕಳೆ ಕಿತ್ತವಳಿಗೆ ಕೂಲಿ ಸಂದಿತೇ ಎಂಬ ವಿಚಾರಣೆ ಮಾತ್ರ ವಿರಳ.

ಈ ಪ್ರಶ್ನೆ ಧರ್ಮದ ಹೊರಗಿನದಲ್ಲ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವೂ ಒಂದು. ಕೊಳ್ಳುವಾಗ ಹೆಚ್ಚಾಗಿ, ಮಾರುವಾಗ ಕಡಿಮೆಯಾಗಿ ಅಳೆಯುವುದು ಅದರ ಅರ್ಥ. ತೇವವೆಂದು, ಕಸವೆಂದು, ಚೀಲದ ತೂಕವೆಂದು ರೈತನ ರಾಶಿಯಿಂದ ಮನಬಂದಂತೆ ಕಳೆಯುವ ಪ್ರತಿಯೊಂದು ಕಿಲೋ ಇದರಡಿ ಬರುತ್ತದೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅನ್ನಪಾನನಿರೋಧವಿದೆ. ಎತ್ತಿಗೆ ಮೇವು ತಡೆಯಬಾರದೆಂದು ಇದನ್ನು ಬೋಧಿಸುವುದು ರೂಢಿ, ಸರಿಯೇ. ಆದರೆ ಕೂಲಿಕಾರಳ ದಿನಗೂಲಿಯನ್ನು ತಿಂಗಳುಗಟ್ಟಲೆ ತಡೆದರೆ ಅವಳ ಮಕ್ಕಳ ಅನ್ನ ತಡೆದಂತಲ್ಲವೇ?

ಜೈನರೆಂದರೆ ವ್ಯಾಪಾರಿಗಳೆಂಬ ಕಲ್ಪನೆ ನಗರಗಳದು. ಬೆಳಗಾವಿ, ಬಾಗಲಕೋಟೆಯ ಕಡೆ ಒಕ್ಕಲುತನವೇ ಎಷ್ಟೋ ಜೈನ ಮನೆತನಗಳ ವೃತ್ತಿ. ಆಚಾರ್ಯ ಶಾಂತಿಸಾಗರರು 1872ರಲ್ಲಿ ಜನಿಸಿದ್ದು ಭೋಜ ಗ್ರಾಮದ ಕೃಷಿಕ ಮನೆತನಕ್ಕೆ ಸೇರಿದವರಾಗಿ. ಹೊಲ ಕಾಯುವಾಗ ಅವರು ಹಕ್ಕಿಗಳನ್ನು ಓಡಿಸುತ್ತಿರಲಿಲ್ಲವೆಂಬ ಮಾತು ಭಕ್ತರಲ್ಲಿ ಇಂದಿಗೂ ಪ್ರಚಲಿತ. ಈಗ ಅದೇ ನದೀತೀರಗಳಲ್ಲಿ ಹಕ್ಕಿ ಬಂದರೂ ತಿನ್ನಲು ತೆನೆಯಿಲ್ಲ. ಕಣ್ಣು ಹಾಯಿಸಿದಷ್ಟೂ ಕಬ್ಬು. ಅತಿ ನೀರುಣಿಸಿದ ಎಷ್ಟೋ ಭೂಮಿ ಸವಳು ಹಿಡಿದಿದೆ. ಕಬ್ಬು ಬೆಳೆಯುವ ಕುಟುಂಬವೇ ಜೋಳ, ತೊಗರಿಯನ್ನು ಅಂಗಡಿಯಿಂದ ತರುತ್ತದೆ. ದೋಷ ಕಬ್ಬಿನದಲ್ಲ. ವರ್ಷವಿಡೀ ನಿರಾಹಾರಿಯಾಗಿದ್ದ ಆದಿನಾಥರಿಗೆ ಹಸ್ತಿನಾಪುರದಲ್ಲಿ ಶ್ರೇಯಾಂಸನು ನೀಡಿದ್ದು ಕಬ್ಬಿನ ರಸವನ್ನೇ. ಅಕ್ಷಯ ತೃತೀಯ ಅದರ ಸ್ಮರಣೆ. ಆದರೆ ಪರಿಮಾಣವ್ರತವು ಮನೆಯ ಒಡವೆಗಳಿಗೆ ಮಾತ್ರ ಅನ್ವಯಿಸಿ, ಬಾವಿಯ ನೀರಿಗೆ ಅನ್ವಯಿಸುವುದಿಲ್ಲವೆಂದು ಯಾವ ಆಚಾರ್ಯರೂ ಹೇಳಿಲ್ಲ.

ಮುನಿಗಳ ಆಹಾರಕ್ರಮಕ್ಕೆ ಭ್ರಾಮರೀವೃತ್ತಿ ಎಂಬ ಹೆಸರಿದೆ. ದುಂಬಿಯು ಹೂವನ್ನು ಬಾಡಿಸದೆ ರಸ ಹೀರುವಂತೆ, ದಾತೃವಿಗೆ ಹೊರೆಯಾಗದಂತೆ ಸ್ವೀಕರಿಸುವುದು ಅದರ ತಾತ್ಪರ್ಯ. ಗ್ರಾಮದ ಅನ್ನವ್ಯವಸ್ಥೆಗೆ ಇದಕ್ಕಿಂತ ಉತ್ತಮ ಅಳತೆಗೋಲು ಬೇಕಿಲ್ಲ. ಹಿಂದಿನ ಆಯದ ಪದ್ಧತಿಯಲ್ಲಿ ಕಣದಲ್ಲೇ ಬಡಿಗ, ಕಮ್ಮಾರರಿಗೆ ಪಾಲು ಸಲ್ಲುತ್ತಿತ್ತು. ಅದನ್ನು ಯಥಾವತ್ತಾಗಿ ಹಂಬಲಿಸುವುದು ತರವಲ್ಲ. ಅಲ್ಲಿ ಪಾಲಿನೊಡನೆ ಜಾತಿಯ ದಾಸ್ಯವೂ ಇತ್ತು. ಉಳಿಸಿಕೊಳ್ಳಬೇಕಾದದ್ದು, ಬೆಳೆ ಊರು ಬಿಡುವ ಮೊದಲು ಊರಿನ ಹೊಟ್ಟೆಯನ್ನು ನೆನೆಯುವ ಕ್ರಮ.

ಇದನ್ನು ಬಸದಿಗಳೇ ಆರಂಭಿಸಬಹುದು. ಚಾತುರ್ಮಾಸಕ್ಕೆ, ಪಂಚಕಲ್ಯಾಣ ಮಹೋತ್ಸವಕ್ಕೆ ಎಷ್ಟು ಧಾನ್ಯ ಬೇಕೆಂಬುದರ ಅಂದಾಜು ಸಮಿತಿಗಳಿಗೆ ಇದ್ದೇ ಇರುತ್ತದೆ. ನಗರದ ಸಗಟು ಅಂಗಡಿಗೆ ಪಟ್ಟಿ ಕಳುಹಿಸುವ ಬದಲು, ಹಿಂಗಾರಿ ಬಿತ್ತನೆಗೆ ಮುನ್ನವೇ ಊರಿನ ಸಣ್ಣ ಹಿಡುವಳಿದಾರರೊಡನೆ ಬೆಲೆ ನಿಗದಿ ಮಾಡಿಕೊಂಡು, ಎಲ್ಲರೆದುರು ತೂಗಿ, ಅಂದೇ ಹಣ ಕೊಡುವುದು ಕಷ್ಟದ ಕೆಲಸವಲ್ಲ. ಖರ್ಚು ತುಸು ಹೆಚ್ಚಾದೀತು. ಅಷ್ಟನ್ನು ಅಲಂಕಾರದ ಲೆಕ್ಕದಿಂದ ಕಳೆಯಬಹುದು.