ಪ್ರಾಥಮಿಕ ಶಾಲೆಗಳಲ್ಲಿ ಹೆಚ್ಚುವರಿ ಗಣಿತ ಕಲಿಕೆಗೆ ಮಕ್ಕಳನ್ನು ಗುರುತಿಸುವ ಕ್ರಮದ ಕುರಿತು ಮನವಿ ಪತ್ರ

ಗೆ,
ಮಾನ್ಯ ಆಯುಕ್ತರು,
ಶಾಲಾ ಶಿಕ್ಷಣ ಇಲಾಖೆ, ಬೆಂಗಳೂರು.

ವಿಷಯ: ಸರ್ಕಾರಿ ಶಾಲೆಗಳ 1ರಿಂದ 5ನೇ ತರಗತಿಯ ಮಕ್ಕಳಿಗೆ ಹೆಚ್ಚುವರಿ ಗಣಿತ ಕಲಿಕೆಯ ಅವಕಾಶ ಕಲ್ಪಿಸುವ ಬಗ್ಗೆ.

ಮಾನ್ಯರೇ,

ಲೆಕ್ಕದಲ್ಲಿ ಹಿಂದೆ ಬಿದ್ದ ಮಗುವಿಗೆ ನಮ್ಮ ಶಾಲೆಗಳಲ್ಲಿ ಪರಿಹಾರ ಬೋಧನೆ ಇದೆ. ಕೊಟ್ಟ ಲೆಕ್ಕ ಮುಗಿಸಿ, ಇನ್ನೂ ಬೇಕೆಂದು ಸ್ಲೇಟು ಹಿಡಿದು ಬರುವ ಮಗುವಿಗೆ ಏನಿದೆ? ಬಹಳ ಕಡೆ ಅದೇ ಬಗೆಯ ಇನ್ನೂ ಹತ್ತು ಲೆಕ್ಕ, ಇಲ್ಲವೇ ಉಳಿದವರ ಪುಸ್ತಕ ತಿದ್ದುವ ಕೆಲಸ. ಅನುಕೂಲಸ್ಥರ ಮಕ್ಕಳು ಸಂಜೆ ಅಬ್ಯಾಕಸ್ ಕ್ಲಾಸಿಗೆ, ಒಲಿಂಪಿಯಾಡ್ ತರಬೇತಿಗೆ ಹೋಗುತ್ತಾರೆ. ಕೂಲಿ ಮಾಡುವವರ ಮಗುವಿಗೆ ಶಾಲೆ ಬಿಟ್ಟರೆ ಬೇರೆ ದಾರಿಯಿಲ್ಲ. ಶಿಕ್ಷಣ ಹಕ್ಕು ಕಾಯ್ದೆ, 2009ರ 29ನೇ ಕಲಮು ಮಗುವಿನ ಜ್ಞಾನ, ಸಾಮರ್ಥ್ಯ, ಪ್ರತಿಭೆಗಳನ್ನು ಬೆಳೆಸಬೇಕೆಂದು ಹೇಳುತ್ತದೆ. ಆ ಮಾತು ಈ ಮಗುವಿಗೂ ಸಲ್ಲಬೇಕು. ಆದುದರಿಂದ ಸರ್ಕಾರಿ ಶಾಲೆಗಳ ಶಿಕ್ಷಕರು ಮತ್ತು ಎಸ್‌ಡಿಎಂಸಿ ಸದಸ್ಯರಾದ ನಾವು ಈ ಮನವಿ ಸಲ್ಲಿಸುತ್ತಿದ್ದೇವೆ.

ಅವಕಾಶ ಕೊಡುವುದಕ್ಕಿಂತ ಕಷ್ಟದ ಪ್ರಶ್ನೆ, ಅದು ಯಾರಿಗೆ ಎಂಬುದು. ನವೋದಯ ವಿದ್ಯಾಲಯದ ಪ್ರವೇಶಕ್ಕೆ 5ನೇ ತರಗತಿಯ ಮಕ್ಕಳು 2 ಗಂಟೆಯಲ್ಲಿ 80 ಪ್ರಶ್ನೆ ಬಿಡಿಸುವ ಪರೀಕ್ಷೆ ಬರೆಯುತ್ತಾರೆ. ಅದಕ್ಕೆಂದೇ ತರಬೇತಿ ಕೇಂದ್ರಗಳು ಹುಟ್ಟಿಕೊಂಡಿವೆ. ಅಂಥ ಪರೀಕ್ಷೆಯನ್ನು 2ನೇ ತರಗತಿಗೆ ಇಳಿಸಬಾರದು ಎಂಬುದು ನಮ್ಮ ಮೊದಲ ಬೇಡಿಕೆ. ಒಂದೇ ತರಗತಿಯಲ್ಲಿ ವಯಸ್ಸಿನಲ್ಲಿ ಹೆಚ್ಚುಕಡಿಮೆ ಒಂದು ವರ್ಷದ ಅಂತರವಿರುವ ಮಕ್ಕಳು ಕೂತಿರುತ್ತಾರೆ. ಆ ಪ್ರಾಯದಲ್ಲಿ ಆರು ತಿಂಗಳೆಂದರೆ ದೊಡ್ಡ ಅಂತರ. ಪರೀಕ್ಷೆಯ ದಿನ ಜ್ವರ ಬಂದ ಮಗು ಸೋತರೆ, ಮನೆಯಲ್ಲಿ ಲಂಬಾಣಿ, ಉರ್ದು ಅಥವಾ ತುಳು ಆಡುವ ಮಗು ಪ್ರಶ್ನೆಯ ಕನ್ನಡದಲ್ಲೇ ಎಡವಿದರೆ ಅದಕ್ಕೆ ಲೆಕ್ಕ ಬಾರದು ಎಂದು ಬರೆದುಬಿಡುತ್ತೇವೆ.

ಹಾಗೆಂದು ಶಿಕ್ಷಕರ ಶಿಫಾರಸನ್ನೇ ನೆಚ್ಚಿಕೊಳ್ಳಿ ಎಂದೂ ನಾವು ಕೇಳುವುದಿಲ್ಲ. ಅಚ್ಚುಕಟ್ಟಾಗಿ ಬರೆಯುವ, ಕೇಳಿದಾಗ ಕೈಯೆತ್ತುವ ಮಗು ಬೇಗ ಕಣ್ಣಿಗೆ ಬೀಳುತ್ತದೆ. 98ಕ್ಕೆ 47 ಕೂಡಿಸು ಎಂದರೆ 47ರಿಂದ 2 ಕಿತ್ತು ಇತ್ತ ಸೇರಿಸಿ, 100ಕ್ಕೆ 45 ಎಂದು ಬಾಯಲ್ಲೇ ಹೇಳುವ ಮಗು ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತಿರಬಹುದು. ಅಮೆರಿಕದ ಫ್ಲಾರಿಡಾದ ಬ್ರೊವಾರ್ಡ್ ಕೌಂಟಿಯ ಶಾಲೆಗಳಲ್ಲಿ ಹೀಗೇ ಆಗುತ್ತಿತ್ತು: ಪೋಷಕರು, ಶಿಕ್ಷಕರು ಹೆಸರಿಸಿದ ಮಕ್ಕಳನ್ನಷ್ಟೇ ವಿಶೇಷ ಕಲಿಕೆಗೆ ಪರಿಗಣಿಸುತ್ತಿದ್ದರು. 2005ರಲ್ಲಿ 2ನೇ ತರಗತಿಯ ಎಲ್ಲ ಮಕ್ಕಳಿಗೂ ಮಾತಿನ ಹಂಗಿಲ್ಲದ, ಚಿತ್ರಗಳ ಪರೀಕ್ಷೆ ಕೊಟ್ಟರು. ಅರ್ಹತೆಯ ಮಟ್ಟ ಇಳಿಸದಿದ್ದರೂ ಬಡವರ, ಕಪ್ಪು ಜನರ, ಹಿಸ್ಪಾನಿಕ್ ಕುಟುಂಬಗಳ ಮಕ್ಕಳು ಮೊದಲಿಗಿಂತ ಬಹಳ ಹೆಚ್ಚಾಗಿ ಆಯ್ಕೆಯಾದರು ಎಂದು ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ 2016ರ ಅಧ್ಯಯನದಲ್ಲಿ ತೋರಿಸಿದ್ದಾರೆ. ಹಣದ ಕೊರತೆಯಿಂದ ಆ ಕ್ರಮ ನಿಂತಮೇಲೆ ಹಳೆಯ ಅಂತರ ಮರಳಿತು. ಮಕ್ಕಳು ಇದ್ದೇ ಇದ್ದರು, ನೋಡುವವರು ಇರಲಿಲ್ಲ.

ಎಲ್ಲರನ್ನೂ ನೋಡುವ ಸಾಧನ ನಮ್ಮಲ್ಲಿ ಹೊಸದಾಗಿ ಹುಟ್ಟಬೇಕಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿಯಲ್ಲಿ ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತದೆ. ಯಾವ ಮೈಲಿಗಲ್ಲು ದಾಟಿದೆ ಎಂಬುದು ಪ್ರಗತಿ ನೋಟದಲ್ಲಿ ದಾಖಲಾಗುತ್ತದೆ. ಆ ದಾಖಲೆಯನ್ನೇ ಆಧಾರವಾಗಿಟ್ಟುಕೊಂಡು, ವರ್ಷಕ್ಕೆ ಎರಡು ಬಾರಿ ಎಲ್ಲ ಮಕ್ಕಳಿಗೂ ಮನೆಮಾತಿನಲ್ಲಿ, ಬಾಯಿಮಾತಿನಲ್ಲಿ, ವಸ್ತುಗಳನ್ನು ಕೈಗೆ ಕೊಟ್ಟು ಚಿಕ್ಕದೊಂದು ಪರಿಶೀಲನೆ ನಡೆಸಬೇಕು. ಪೋಷಕರಿಂದ ಅರ್ಜಿ ಕೇಳಬಾರದು. ಈ ಬಾರಿ ಬಾರದ ಮಗು ಮುಂದಿನ ಬಾರಿ ಬರುವಂತಿರಬೇಕು. ಬಂದ ಮಗು ಬಳಲಿದರೆ ಅವಮಾನವಿಲ್ಲದೆ ಹಿಂದಿರುಗುವಂತಿರಬೇಕು. ಆಯ್ಕೆಯಾದವರ ಪಟ್ಟಿಯನ್ನು ಶಾಲೆಯ ಗೋಡೆಗೆ ಅಂಟಿಸುವುದು, ಜಾಣರು ಎಂದು ಪ್ರತ್ಯೇಕ ಕೂರಿಸುವುದು ಖಂಡಿತ ಬೇಡ. ಶಿಕ್ಷಣ ಹಕ್ಕು ಕಾಯ್ದೆಯೇ ಮಗುವನ್ನು ಭಯ ಮತ್ತು ಆತಂಕದಿಂದ ದೂರವಿಡಲು ಹೇಳಿದೆ.

ಇನ್ನು ಕಲಿಸುವುದೇನು? 2ನೇ ತರಗತಿಯ ಮಗುವಿಗೆ 4ನೇ ತರಗತಿಯ ಪುಸ್ತಕ ಕೊಡುವುದು ಹೆಚ್ಚುವರಿ ಕಲಿಕೆಯಲ್ಲ, ಅವಸರ. ಅದರ ಬದಲು, ದೇವಳಾಲಿಯ ಶಾಲಾ ಶಿಕ್ಷಕ ಡಿ.ಆರ್. ಕಾಪ್ರೇಕರ್ ನಾಲ್ಕಂಕಿಯ ಸಂಖ್ಯೆಗಳಲ್ಲಿ ಕಂಡುಕೊಂಡ 6174ರ ಬೆರಗನ್ನು ನೆನೆಯಿರಿ. ಅದರ ತಮ್ಮನಂತಿರುವ 495ನ್ನು ಮೂರಂಕಿಯ ಕಳೆಯುವ ಲೆಕ್ಕ ಬಲ್ಲ ಮಗುವೇ ಹುಡುಕಬಲ್ಲದು. 352ರ ಅಂಕಿಗಳನ್ನು ಇಳಿಕೆ ಕ್ರಮದಲ್ಲಿಟ್ಟರೆ 532, ಏರಿಕೆಯಲ್ಲಿ 235, ಕಳೆದರೆ 297. ಹೀಗೇ ಮಾಡುತ್ತ ಹೋದರೆ 693, 594, ಕೊನೆಗೆ 495. ಅಲ್ಲಿಗೆ ಬಂದಮೇಲೆ ಸಂಖ್ಯೆ ಕದಲುವುದಿಲ್ಲ. ಏಕೆ ಎಂದು ಮಗು ಕೇಳಿದ ಗಳಿಗೆಯಿಂದಲೇ ಗಣಿತ ಶುರು. ಇಂಥ ಚಟುವಟಿಕೆಗಳ ಕನ್ನಡ ಕೈಪಿಡಿಯನ್ನು ಡಿಎಸ್‌ಇಆರ್‌ಟಿ ಸಿದ್ಧಪಡಿಸಲಿ. ಆಯ್ಕೆಯಾಗದ ಮಕ್ಕಳಿಗೂ ಅದನ್ನು ಕೊಡಲಿ. ಅನೇಕ ಮಕ್ಕಳು ಇಂಥ ಲೆಕ್ಕ ಕೈಗೆ ಸಿಕ್ಕಮೇಲೆಯೇ ಅರಳುತ್ತಾರೆ.

ಏಕೋಪಾಧ್ಯಾಯ ಶಾಲೆಯಲ್ಲಿ ಒಬ್ಬರೇ ಇದನ್ನೆಲ್ಲ ಮಾಡುವುದು ಅಸಾಧ್ಯ ಎಂಬುದನ್ನು ಇಲಾಖೆ ಬಲ್ಲದು. ವಾರಕ್ಕೊಂದು ಗಣಿತ ಅವಧಿಗೆ ಕ್ಲಸ್ಟರ್ ಮಟ್ಟದಲ್ಲಿ ಸಂಪನ್ಮೂಲ ಶಿಕ್ಷಕರನ್ನು ಒದಗಿಸಬೇಕು, ಡಯಟ್‌ಗಳ ಮೂಲಕ ಅವರಿಗೆ ತರಬೇತಿ ಕೊಡಿಸಬೇಕು, ಮತ್ತು ಇದನ್ನು ಈಗಿರುವ ದಾಖಲೆ ಕೆಲಸದ ಮೇಲೆ ಇನ್ನೊಂದು ಹೊರೆಯಾಗಿ ಹೇರಬಾರದು. ಮುಂದಿನ ಶೈಕ್ಷಣಿಕ ವರ್ಷ ಆರಂಭವಾಗುವ ಮುನ್ನ ಸುತ್ತೋಲೆ ಹೊರಡಿಸಿ, ಕರಡನ್ನು ಎಸ್‌ಡಿಎಂಸಿ ಸಭೆಗಳ ಮುಂದಿಡಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸರ್ಕಾರಿ ಪ್ರಾಥಮಿಕ ಶಾಲೆಗಳ ಶಿಕ್ಷಕರು ಹಾಗೂ ಎಸ್‌ಡಿಎಂಸಿ ಸದಸ್ಯರು