ಸ್ವಂತ ಬಾವಿಯೂ ಮನೆಯ ಗಣಕಯಂತ್ರವೂ

ಸ್ವಂತ ಬಾವಿಯೆಂದರೆ ನಮ್ಮ ಹಿರಿಯರಿಗೆ ಹೆಮ್ಮೆ. ಆದರೆ ಬಾವಿ ತೋಡಿಸಿದವನು ಅದರ ಹೂಳನ್ನೂ ತೆಗೆಸಬೇಕು. ನಲ್ಲಿಯ ನೀರು ಕುಡಿಯುವವನಿಗೆ ಆ ಚಿಂತೆಯಿಲ್ಲ. ಇಂದು ನಮ್ಮ ಭಾವಚಿತ್ರಗಳು, ಪಾಠದ ಟಿಪ್ಪಣಿಗಳು, ಪತ್ರಗಳು ಎಲ್ಲವೂ ದೂರದ ಕಂಪನಿಗಳ ನಲ್ಲಿಯಿಂದಲೇ ಬರುತ್ತಿವೆ. ಅದನ್ನು ಬಿಟ್ಟು ಮನೆಯ ಮೂಲೆಯಲ್ಲಿಯೇ ಒಂದು ಸರ್ವರ್ ಇಡುವುದಕ್ಕೆ ಹೋಂ ಲ್ಯಾಬ್ ಎಂದು ಹೆಸರು. ಈ ಹವ್ಯಾಸಕ್ಕೆ ಕೈಹಾಕುವವರು ಯಾವ ತಂತ್ರಾಂಶವನ್ನು ಆರಿಸಬೇಕು? ನನ್ನ ಅಭಿಪ್ರಾಯವನ್ನು ವಾಚಕರ ಮುಂದಿಡುತ್ತೇನೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಮ್ಮಲ್ಲಿದ್ದುದು ಚಿಕ್ಕಪ್ಪನವರ ಹಳೆಯ ಕಂಪ್ಯೂಟರ್ ಒಂದೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಆ ಮುದಿ ಯಂತ್ರಕ್ಕೆ ಒಗ್ಗದು. ಆದುದರಿಂದ ಲಿನಕ್ಸ್ ಹಾಕಲು ಹೊರಟೆನು. 1991ರಲ್ಲಿ ಅದನ್ನು ಆರಂಭಿಸಿದ ಲೀನಸ್ ಟೊರ್ವಾಲ್ಡ್ಸ್ ಆಗ ಹೆಲ್ಸಿಂಕಿಯಲ್ಲಿ ನಮ್ಮಂತೆಯೇ ವಿದ್ಯಾರ್ಥಿ.

ಹೊಸದರ ಮೋಹದಿಂದ ಒಂದೇ ತಿಂಗಳಲ್ಲಿ ಮೂರು ಬಗೆಯ ಲಿನಕ್ಸ್ ಬದಲಾಯಿಸಿದೆನು. ಎರಡನೆಯ ಬದಲಾವಣೆಯಲ್ಲಿ ಡಿಸ್ಕನ್ನೆಲ್ಲ ಅಳಿಸಿಬಿಟ್ಟೆನು. ಅಜ್ಜಿ ಹಾಡಿದ ಸೋಬಾನೆ ಹಾಡುಗಳನ್ನು ಚಿಕ್ಕಪ್ಪ ಹಿಂದೆ ಬೆರಳಚ್ಚು ಮಾಡಿಟ್ಟಿದ್ದುದು ಅದರಲ್ಲಿಯೇ! ಪುಣ್ಯಕ್ಕೆ ಅವರ ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ದೊರೆಯಿತು. ತೆರೆದರೆ ಕನ್ನಡವೇ ಇಲ್ಲ, ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಯೂನಿಕೋಡಿಗೆ ಮುಂಚಿನ ಕ್ರಮದಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುತ್ತಿದ್ದರು. ಆ ಫಾಂಟ್ ಇಲ್ಲದಿದ್ದರೆ ಓದಲಾಗದು. ಪರಿವರ್ತಕದಿಂದ ಯೂನಿಕೋಡಿಗೆ ತಂದಾಗ ಒತ್ತಕ್ಷರಗಳು ಅಲ್ಲಲ್ಲಿ ಕೆಟ್ಟಿದ್ದುವು. ಅಜ್ಜಿ ಹಾಡುತ್ತ ಹೋದರು, ನಾನು ತಿದ್ದುತ್ತ ಹೋದೆನು. ಎರಡು ಹಾಡುಗಳು ಅವರಿಗೂ ಮರೆತುಹೋಗಿದ್ದುವು.

ಅಂದಿನಿಂದ "ಯಾವುದು ಉತ್ತಮ?" ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಕೆಟ್ಟರೆ ನಾನೇ ಸರಿಪಡಿಸಬಲ್ಲೆನೆ? ನಾಳೆ ಇದನ್ನು ಬಿಟ್ಟರೆ ನನ್ನ ಬರಹ ನನ್ನೊಡನೆ ಬರುವುದೆ? ಕೇಳಬೇಕಾದ ಪ್ರಶ್ನೆಗಳು ಇವೆರಡೇ.

ಈ ದೃಷ್ಟಿಯಿಂದ ನಾನು ಡೆಬಿಯನ್ ಆರಿಸಿದೆನು. 1993ರಲ್ಲಿ ಆರಂಭವಾದ ಇದನ್ನು ಸ್ವಯಂಸೇವಕರು ನಡೆಸುತ್ತಿದ್ದಾರೆ. ಸುಮಾರು ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿ. ಪ್ರತಿಯೊಂದಕ್ಕೂ ಸುಮಾರು ಐದು ವರ್ಷ ರಕ್ಷಣೆ. ಥಳಕು ಕಡಿಮೆ, ತಂಟೆಯೂ ಕಡಿಮೆ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳು ಅದರ ಭಂಡಾರದಲ್ಲಿಯೇ ಇವೆ. ಒಂದೇ ಯಂತ್ರದೊಳಗೆ ಹಲವು ಯಂತ್ರಗಳನ್ನು ನಡೆಸುವ ಪ್ರಾಕ್ಸ್‌ಮಾಕ್ಸ್ ಒಳ್ಳೆಯದೇ; ಆದರೆ 4 ಜಿಬಿ ಸ್ಮೃತಿಯ ಬಡ ಯಂತ್ರಕ್ಕೆ ಅದು ಭಾರ. ಕಡತಗಳಿಗೆ ನೆಕ್ಸ್ಟ್‌ಕ್ಲೌಡ್, ಹಾಡು ಚಲನಚಿತ್ರಗಳಿಗೆ ಜೆಲ್ಲಿಫಿನ್, ಅಂತರಜಾಲವಿಲ್ಲದೆ ವಿಕಿಪೀಡಿಯ ಓದಲು ಕಿವಿಕ್ಸ್ ಇವೆ. ಎಲ್ಲವನ್ನೂ ಒಮ್ಮೆಗೇ ಹಾಕಬೇಕೆಂದಿಲ್ಲ. ನಾನು ಮೊದಲನೆಯದೊಂದನ್ನೇ ಹಾಕಿರುವೆನು.

"ಕಂಪನಿಯವರು ಇದಕ್ಕಿಂತ ಚೆನ್ನಾಗಿ ಕಾಯುತ್ತಾರಲ್ಲ?" ಎಂದು ಮಿತ್ರರು ಆಕ್ಷೇಪಿಸುತ್ತಾರೆ. ನಿಜ. ವಿದ್ಯುತ್ತು ಹೋದರೆ ನನ್ನ ಸರ್ವರ್ ಮಲಗುತ್ತದೆ. ಡಿಸ್ಕ್ ಸತ್ತರೆ ಹೊಣೆ ನನ್ನದೇ. ಅದಕ್ಕಾಗಿ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ, ಮತ್ತೊಂದನ್ನು ಚಿಕ್ಕಪ್ಪನ ಮನೆಯಲ್ಲಿ ಇಟ್ಟಿದ್ದೇನೆ. ಈ ಕಷ್ಟ ಬೇಡವೆನ್ನುವವರು ನಲ್ಲಿಯ ನೀರನ್ನೇ ಕುಡಿಯಲಿ, ತಪ್ಪಿಲ್ಲ. ಆದರೆ 1923ರಿಂದ ಕಬ್ಬಿಣ ಕರಗಿಸಿದ ಊರು ನಮ್ಮದು. ಯಂತ್ರ ತಂದವನಷ್ಟೇ ಅದನ್ನು ದುರಸ್ತಿ ಮಾಡಬಲ್ಲವನೂ ದೊಡ್ಡವನೆಂಬುದನ್ನು ಭದ್ರಾವತಿಯವರಿಗೆ ಹೇಳಬೇಕಾಗಿಲ್ಲ.

ಕೊನೆಯದಾಗಿ ಅಧ್ಯಾಪಕರಲ್ಲಿ ಒಂದು ವಿನಂತಿ. ಗ್ರಂಥಾಲಯದಲ್ಲಿ ಒಂದು ಹಳೆಯ ಕಂಪ್ಯೂಟರನ್ನು ನಮಗೆ ಬಿಟ್ಟುಕೊಟ್ಟರೆ, ಈ ವಾರ್ಷಿಕ ಸಂಚಿಕೆಯ ಹಿಂದಿನ ಪುಟಗಳನ್ನೆಲ್ಲ ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿ ಅದರಲ್ಲಿ ಇಡುವೆವು. ನಾನು ಈ ವರ್ಷ ಕಾಲೇಜು ಬಿಡುತ್ತೇನೆ; ಹೂಳು ತೆಗೆಯುವುದನ್ನು ಕಿರಿಯ ಮಿತ್ರರಿಬ್ಬರಿಗೆ ಕಲಿಸಿಯೇ ಹೋಗುತ್ತೇನೆ.