ಇಷ್ಟಕ್ಕೆಲ್ಲ ಅಲ್ಲಿಗೆ ಹೋಗಬೇಕಾ?

ಕಳೆದ ವರ್ಷ ಅರ್ಧವಾರ್ಷಿಕ ಪರೀಕ್ಷೆ ಹತ್ತಿರ ಬಂದಾಗ ನನಗೆ ಹೊಟ್ಟೆನೋವು ಶುರುವಾಯಿತು. ಬೆಳಿಗ್ಗೆ ಕಾಲೇಜು ಬಸ್ಸಿನ ಹಾರ್ನ್ ಕೇಳಿದರೆ ಸಾಕು, ಹೊಟ್ಟೆ ಹಿಂಡುತ್ತಿತ್ತು. ಗ್ಯಾಸ್ಟ್ರಿಕ್ ಮಾತ್ರೆ ಆಯಿತು, ಸ್ಕ್ಯಾನಿಂಗ್ ಆಯಿತು, ರಿಪೋರ್ಟ್ ಎಲ್ಲ ನಾರ್ಮಲ್. ರಾತ್ರಿ ಎರಡಾದರೂ ನಿದ್ದೆ ಇಲ್ಲ. ಭೌತಶಾಸ್ತ್ರದ ಒಂದೇ ಪುಟವನ್ನು ಹತ್ತು ಸಲ ಓದಿದರೂ ತಲೆಗೆ ಹತ್ತುತ್ತಿರಲಿಲ್ಲ. ಕೊನೆಗೆ ಆ ಡಾಕ್ಟರೇ, "ಒಮ್ಮೆ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಮಾತಾಡಿ" ಎಂದರು. ಉಮ್ಮನ ಮುಖ ಬಾಡಿತು. "ಇಷ್ಟಕ್ಕೆಲ್ಲ ಅಲ್ಲಿಗೆ ಹೋಗಬೇಕಾ? ನನ್ನ ಮಗಳಿಗೇನು ಹುಚ್ಚಾ?"

ನಮ್ಮಲ್ಲಿ ಅನೇಕರು ತಡಮಾಡುವುದು ಈ ಒಂದು ಪ್ರಶ್ನೆಯಿಂದಲೇ ಎಂದು ನನಗೆ ಅನಿಸುತ್ತದೆ.

ಮೊದಲು ಒಂದು ಗೊಂದಲ ಬಿಡಿಸೋಣ. ಸೈಕಿಯಾಟ್ರಿಸ್ಟ್ ಎಂದರೆ ಎಂಬಿಬಿಎಸ್ ಮುಗಿಸಿ ಮನೋರೋಗ ಚಿಕಿತ್ಸೆ ಕಲಿತ ವೈದ್ಯರು. ಅವರು ಔಷಧಿ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮನಶ್ಶಾಸ್ತ್ರ ಓದಿ, ರೋಗಿಗಳೊಂದಿಗೆ ತರಬೇತಿ ಪಡೆದು, ಭಾರತೀಯ ಪುನರ್ವಸತಿ ಮಂಡಳಿಯಲ್ಲಿ, ಅಂದರೆ ಆರ್‌ಸಿಐಯಲ್ಲಿ, ನೋಂದಾಯಿಸಿಕೊಂಡವರು. ಅವರ ಚಿಕಿತ್ಸೆ ಮಾತಿನದು. ಹೋಗುವ ಮೊದಲು ಆ ನೋಂದಣಿ ಉಂಟಾ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಮಾತು ಎಂದರೆ ಉಪದೇಶ ಎಂದುಕೊಂಡಿದ್ದೆ. "ಚೆನ್ನಾಗಿ ಓದು, ಟೆನ್ಷನ್ ಮಾಡಬೇಡ" ಎನ್ನಲು ಮನೆಯಲ್ಲೇ ಬೇಕಾದಷ್ಟು ಜನರಿದ್ದಾರಲ್ಲ! ಆದರೆ ಅವರು ನನಗೆ ಹೋಂವರ್ಕ್ ಕೊಟ್ಟರು. ಹೊಟ್ಟೆ ಹಿಂಡಿದ ಕ್ಷಣ ತಲೆಯಲ್ಲಿ ಏನಿತ್ತು ಎಂದು ಬರೆಯಬೇಕು. ನಾನು ಬರೆದೆ: "ನೀಟ್ ಸಿಗದಿದ್ದರೆ ದುಬೈಯಲ್ಲಿ ಉಪ್ಪ ದುಡಿದದ್ದೆಲ್ಲ ದಂಡ." ಮುಂದಿನ ವಾರ ಆ ವಾಕ್ಯವನ್ನೇ ಮುಂದಿಟ್ಟು ಕೇಳಿದರು: ಇದು ಉಪ್ಪ ಹೇಳಿದ್ದಾ, ನೀನೇ ಅಂದುಕೊಂಡದ್ದಾ? ಉಪ್ಪ ಎಂದೂ ಹಾಗೆ ಹೇಳಿರಲಿಲ್ಲ. ಯೋಚನೆಯನ್ನು ಹೀಗೆ ಹಿಡಿದು ಪರೀಕ್ಷಿಸುವ ಕ್ರಮಕ್ಕೆ ಸಿಬಿಟಿ ಎನ್ನುತ್ತಾರೆ. ಅಮೆರಿಕದ ವೈದ್ಯ ಆ್ಯರನ್ ಬೆಕ್ 1960ರ ದಶಕದಲ್ಲಿ ಇದಕ್ಕೆ ಅಡಿಪಾಯ ಹಾಕಿದರು.

ಹಾಗಾದರೆ ಯಾವಾಗ ಹೋಗಬೇಕು? ಪರೀಕ್ಷೆಯ ಹಿಂದಿನ ದಿನ ಎಲ್ಲರಿಗೂ ಭಯ ಇರುತ್ತದೆ, ಅದು ಕಾಯಿಲೆಯಲ್ಲ. ದುಃಖ ಎಷ್ಟು ದೊಡ್ಡದು ಎಂದು ಅಳೆಯಲು ಹೋಗಬೇಡಿ. ಅದು ಎಷ್ಟು ದಿನದಿಂದ ಉಂಟು, ಯಾವುದನ್ನು ನಿಲ್ಲಿಸಿದೆ ಎಂದು ನೋಡಿ. ಎರಡು ವಾರ ಕಳೆದರೂ ನಿದ್ದೆ, ಊಟ, ಓದು, ಗೆಳೆತನ ಸರಿಹೋಗದಿದ್ದರೆ ಹೋಗಿ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ. ಅಂದೇ ಯಾರಿಗಾದರೂ ಹೇಳಿ.

"ನಮಾಝ್ ಸರಿಯಾಗಿ ಮಾಡು, ಎಲ್ಲ ಸರಿಯಾಗುತ್ತದೆ" ಎನ್ನುವ ಹಿರಿಯರ ಕಾಳಜಿ ನನಗೆ ಅರ್ಥವಾಗುತ್ತದೆ. ನನಗೂ ದುಆ ಸಮಾಧಾನ ಕೊಟ್ಟಿದೆ. ಆದರೆ ಜ್ವರಕ್ಕೆ ದುಆವನ್ನೂ ಮಾಡುತ್ತೇವೆ, ಮಾತ್ರೆಯನ್ನೂ ನುಂಗುತ್ತೇವೆ. ಸಾವಿರ ವರ್ಷಕ್ಕೂ ಹಿಂದೆಯೇ ಅಬೂ ಝೈದ್ ಅಲ್ ಬಲ್ಖಿ ಎಂಬ ವಿದ್ವಾಂಸರು ದೇಹದ ಆರೋಗ್ಯದ ಜೊತೆಗೆ ಮನಸ್ಸಿನ ಆರೋಗ್ಯದ ಬಗ್ಗೆಯೂ ಒಂದೇ ಗ್ರಂಥದಲ್ಲಿ ಬರೆದಿದ್ದರು. ಮನಸ್ಸಿನ ಚಿಕಿತ್ಸೆ ನಮಗೆ ಹೊರಗಿನ ವಿಷಯವೇನಲ್ಲ.

ನಮ್ಮಲ್ಲಿ ಹೆಚ್ಚಿನವರಿಗೆ 18 ತುಂಬಿಲ್ಲ. ಆದ್ದರಿಂದ ಮನೆಯ ಒಬ್ಬ ದೊಡ್ಡವರಿಗಾದರೂ ಹೇಳಲೇಬೇಕು. ಹೇಳಲು ಬಾಯಿ ಬಾರದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಹೇಳುತ್ತದೆ. ಜೀವಕ್ಕೆ ಅಪಾಯ ಇದ್ದಾಗ, ಅಂಥ ಕೆಲವು ಸಂದರ್ಭಗಳಲ್ಲಿ ಬೇರೆಯವರಿಗೆ ತಿಳಿಸಬೇಕಾಗಬಹುದು.

ಕಾಲೇಜಿಗೂ ಒಂದು ವಿನಂತಿ. ಕೌನ್ಸೆಲಿಂಗ್ ಕೋಣೆ ಆಫೀಸಿನ ಎದುರಿಗೇ ಇದೆ. ಒಳಗೆ ಹೋದವರನ್ನು ಕಂಡು, "ಏನು ತಪ್ಪು ಮಾಡಿದ್ದಿ?" ಎಂದು ಕೇಳುತ್ತಾರೆ. ಅದನ್ನು ಲೈಬ್ರರಿಯ ಪಕ್ಕಕ್ಕೆ ಬದಲಾಯಿಸಬಹುದೇ?

ನನಗೆ ನಿರೀಕ್ಷಿಸಿದಷ್ಟು ಅಂಕ ಬರಲಿಲ್ಲ. ಆದರೆ ಫಲಿತಾಂಶದ ಹಿಂದಿನ ರಾತ್ರಿ ನಾನು ನಿದ್ದೆ ಮಾಡಿದ್ದೆ. ಉಮ್ಮ ಎಲ್ಲರಿಗೂ ಹೇಳುವುದು ಅದನ್ನೇ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿನಿ